ಹಳೆ ಹಾಯಿದೋಣಿ, ಸೋರುವ ಕಿಟಕಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಸಮುದ್ರ ಇಲ್ಲ. ಆದರೂ ಸೇಡಂ ರಸ್ತೆ ಕಡೆಯ ನಮ್ಮ ಶೆಡ್ಡಿನಲ್ಲಿ 20 ಅಡಿ ಉದ್ದದ ಒಂದು ಹಾಯಿದೋಣಿ ನಿಂತಿದೆ. ಫೈಬರ್ ದೋಣಿ, ವಯಸ್ಸು ಮೂವತ್ತು ದಾಟಿದೆ. ಗೋವಾದಲ್ಲಿ ಕೆಲಸ ಮಾಡುವ ಒಬ್ಬ ಗೆಳೆಯ, ನನ್ನ ತಮ್ಮ ಮತ್ತು ನಾನು ಸೇರಿ ಕೊಂಡಿದ್ದು. ಚಳಿಗಾಲದಲ್ಲಿ ಅದು ಗೋವಾದ ನೀರಿನಲ್ಲಿರುತ್ತದೆ. ಮಳೆಗಾಲಕ್ಕೆ ಮುಂಚೆ ಲಾರಿ ಮೇಲೆ ಬೆಳಗಾವಿ, ವಿಜಯಪುರ ದಾಟಿ ಇಲ್ಲಿಗೆ ಬರುತ್ತದೆ. ಶೆಡ್ ಬಾಗಿಲು ತೆರೆದಿದ್ದರೆ ಸಾಕು, ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಾರೆ. ಹೈದರಾಬಾದ್, ಮುಂಬೈ, ಕಾರವಾರದಲ್ಲಿ ಹಳೆ ದೋಣಿ ಕೊಂಡ ನಮ್ಮ ಕಡೆಯವರೂ ಫೋನ್ ಮಾಡುತ್ತಾರೆ. ಎಲ್ಲರ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಅದಕ್ಕೇ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಕಿಟಕಿ ಬಗ್ಗೆ ಜಾಸ್ತಿ ಇದೆ. ಹಳೆ ದೋಣಿಯನ್ನು ಒಳಗಿನಿಂದ ಕೊಳೆಸುವುದು ಅಲ್ಲಿಂದ ಇಳಿಯುವ ಹನಿ ನೀರೇ.

ಸಮುದ್ರ ಇಲ್ಲದ ಊರಿಗೆ ದೋಣಿ ಯಾಕೆ ತರ್ತೀರಿ?

ಒಣಗಿಸೋಕೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಕಲಬುರಗಿಯಲ್ಲಿ ಅದರ ಮೂರನೇ ಒಂದು ಭಾಗವೂ ಬೀಳುವುದಿಲ್ಲ. ಹಳೆ ಫೈಬರ್ ದೋಣಿಯ ಡೆಕ್, ಅಂದರೆ ಮೇಲಿನ ನೆಲ, ಒಂದೇ ಪದರ ಅಲ್ಲ. ಮೇಲೊಂದು ಫೈಬರ್ ಹಾಳೆ, ಕೆಳಗೊಂದು ಫೈಬರ್ ಹಾಳೆ, ನಡುವೆ ಪ್ಲೈವುಡ್ ಅಥವಾ ಬಾಲ್ಸಾ ಅನ್ನುವ ಹಗುರ ಮರ. ಕಿಟಕಿ ಅಂಚಿನಿಂದ ನೀರು ಆ ಮರಕ್ಕೆ ಹೊಕ್ಕರೆ ಕರಾವಳಿಯ ತೇವದಲ್ಲಿ ಅದು ಒಣಗುವುದೇ ಇಲ್ಲ. ನಮ್ಮ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಜನ ಶಪಿಸುವ ಆ ಬಿಸಿಲೇ ಮೊದಲ ವರ್ಷ ನಮ್ಮ ದೋಣಿಯನ್ನು ಉಳಿಸಿತು. ಕಿಟಕಿಗಳನ್ನೆಲ್ಲ ಬಿಚ್ಚಿ, ತೂತುಗಳಿಗೆ ಸೊಳ್ಳೆ ಪರದೆ ಕಟ್ಟಿ, ಎರಡು ತಿಂಗಳು ಗಾಳಿಗೆ ಬಿಟ್ಟೆವು. ಪ್ಲಾಸ್ಟಿಕ್ ಹಾಳೆ ಕಟ್ಟಬೇಡಿ. ಒಳಗಿನ ತೇವ ಹೊರಗೆ ಹೋಗಲು ದಾರಿ ಬೇಕು.

ಕಿಟಕಿಯೇ ಸೋರುತ್ತಿದೆ ಅಂತ ಹೇಗೆ ಖಾತ್ರಿ ಮಾಡಿಕೊಳ್ಳುವುದು?

ಈ ಪ್ರಶ್ನೆಯನ್ನು ಎಲ್ಲರೂ ಕೊನೆಗೆ ಕೇಳುತ್ತಾರೆ. ಮೊದಲು ಕೇಳಬೇಕಾದ್ದು ಇದೇ. ಸೀಲಂಟ್ (ಸಂದಿ ಮುಚ್ಚುವ ಅಂಟು) ಟ್ಯೂಬ್ ಕೊಳ್ಳುವ ಮುಂಚೆ ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಿ.

ನೀರು ಹೊಕ್ಕ ಜಾಗದಲ್ಲೇ ತೊಟ್ಟಿಕ್ಕುವುದಿಲ್ಲ. ಡೆಕ್ ಮೇಲಿನ ಒಂದು ಬೋಲ್ಟ್ ತೂತಿನಿಂದ ಇಳಿದು, ಒಳಗೋಡೆಗೆ ಹಾಕಿದ ಬಟ್ಟೆಯ ಹಿಂದೆ ಮೂರು ನಾಲ್ಕು ಅಡಿ ಹರಿದು, ಕಿಟಕಿ ಮೂಲೆಯಲ್ಲಿ ಹನಿಯಾಗಿ ಕಾಣಿಸುತ್ತದೆ. ಆಗ ಕಿಟಕಿ ಮೇಲೆ ಆರೋಪ. ನಮ್ಮ ದೋಣಿಯಲ್ಲಿ ಬಲಗಡೆಯ ಹಿಂದಿನ ಕಿಟಕಿಯನ್ನು ಎರಡು ಸಲ ಬಿಚ್ಚಿ ಕೂರಿಸಿದೆವು. ಮೂರನೇ ಸಲ ಸರಿಯಾಗಿ ಹುಡುಕಿದಾಗ ತಿಳಿಯಿತು. ನೀರು ಬರುತ್ತಿದ್ದದ್ದು ಮೇಲಿನ ಹಿಡಿಕೆ ಕಂಬಿಯ ಒಂದು ಸ್ಕ್ರೂ ತೂತಿನಿಂದ.

ಹುಡುಕುವ ಕ್ರಮ ಹೀಗೆ. ಮೊದಲು ಒಳಗಿನ ಬಟ್ಟೆ ಅಥವಾ ಹಲಗೆ ಬಿಚ್ಚಿ, ಬರಿ ಫೈಬರ್ ಕಾಣುವಂತೆ ಮಾಡಿ. ಪೂರ್ತಿ ಒರೆಸಿ ಒಣಗಿಸಿ. ಕಿಟಕಿ ಸುತ್ತ, ಬೋಲ್ಟ್‌ಗಳ ಸುತ್ತ ಸೀಮೆಸುಣ್ಣದ ಪುಡಿ ಅಥವಾ ಟಾಲ್ಕಂ ಪೌಡರ್ ತೆಳ್ಳಗೆ ಹಚ್ಚಿ. ಹನಿ ಹರಿದರೆ ಅದರಲ್ಲಿ ಗೆರೆ ಬೀಳುತ್ತದೆ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗೆ ಪೈಪ್ ಹಿಡಿಯಬೇಕು. ನೀರನ್ನು ಸಣ್ಣಗೆ ಬಿಡಿ, ಜೋರಾಗಿ ಚಿಮ್ಮಿಸಬೇಡಿ. ಕೆಳಗಿನಿಂದ ಶುರು ಮಾಡಿ. ಕಿಟಕಿಯ ಕೆಳ ಅಂಚಿಗೆ ಹತ್ತು ನಿಮಿಷ, ಆಮೇಲೆ ಪಕ್ಕಕ್ಕೆ, ಆಮೇಲೆ ಮೇಲಂಚಿಗೆ, ಕೊನೆಗೆ ಡೆಕ್ಕಿಗೆ. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ನೆನೆಯುತ್ತದೆ, ಏನೂ ಗೊತ್ತಾಗುವುದಿಲ್ಲ. ನೀರು ಕಂಡ ಕೂಡಲೇ ನಿಲ್ಲಿಸಿ, ಜಾಗಕ್ಕೆ ಗುರುತು ಹಾಕಿ.

ಇನ್ನೊಂದು ದಾರಿ ಉಲ್ಟಾ. ಬಾಗಿಲು, ತೂತು ಎಲ್ಲ ಟೇಪ್ ಹಾಕಿ ಮುಚ್ಚಿ, ಒಂದು ಬ್ಲೋವರ್‌ನಿಂದ ಕ್ಯಾಬಿನ್ ಒಳಗೆ ಗಾಳಿ ತುಂಬಿ. ಹೊರಗೆ ಸೋಪಿನ ನೀರು ಚಿಮುಕಿಸಿ. ಗಾಳಿ ಹೊರಬರುವ ಕಡೆ ಗುಳ್ಳೆ ಏಳುತ್ತದೆ. ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿನಲ್ಲಿ ಅದ್ದಿ ನೋಡುತ್ತಾರಲ್ಲ, ಅದೇ ಲೆಕ್ಕ.

ದೋಣಿ ಸಮುದ್ರದಲ್ಲಿದ್ದರೆ ಒಂದು ಹನಿ ನಾಲಗೆಗೆ ಹಚ್ಚಿ ನೋಡಿ. ಉಪ್ಪಿದ್ದರೆ ಸಮುದ್ರದ ನೀರು. ಸಪ್ಪೆ ಇದ್ದರೆ ಮಳೆ, ಇಲ್ಲವೇ ಕುಡಿಯುವ ನೀರಿನ ಟ್ಯಾಂಕ್. ಬೆಳಗಿನ ಜಾವ ಮಾತ್ರ ತೇವ ಕಂಡರೆ ಅದು ಸೋರಿಕೆಯೇ ಅಲ್ಲದಿರಬಹುದು. ಒಳಗೆ ಮಲಗಿದವರ ಉಸಿರಿನ ತೇವ ತಣ್ಣನೆಯ ಕಿಟಕಿಗೆ ಅಂಟಿ ಇಳಿಯುತ್ತದೆ. ಅದಕ್ಕೆ ಗಾಳಿ ಆಡುವ ದಾರಿ ಮಾಡಿದರೆ ಸಾಕು.

ಸುಮ್ನೆ ಹೊರಗಿನಿಂದ ಸಿಲಿಕಾನ್ ಹಚ್ಚಿದರೆ ಆಗಲ್ವಾ?

ಆಗುವುದಿಲ್ಲ. ಒಮ್ಮೆ ನಾವೂ ಅದನ್ನೇ ಮಾಡಿದೆವು. ಒಂದು ಮಳೆಗಾಲ ತಡೆಯಿತು, ಮುಂದಿನ ಬೇಸಿಗೆಗೆ ಅಂಚು ಎದ್ದು ಬಂತು. ಅಂಚು ಎದ್ದ ಸೀಲಂಟ್ ಏನೂ ಹಚ್ಚದ ಕಿಟಕಿಗಿಂತ ಕೆಟ್ಟದ್ದು. ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಣಗಲು ಬಿಡುವುದಿಲ್ಲ.

ಇನ್ನೊಂದು ತೊಂದರೆ ಇದೆ. ಸಿಲಿಕಾನ್ ಹಚ್ಚಿದ ಜಾಗಕ್ಕೆ ಮತ್ತೇನೂ ಸರಿಯಾಗಿ ಅಂಟುವುದಿಲ್ಲ. ಬಣ್ಣವೂ ಇಲ್ಲ, ಎಪಾಕ್ಸಿಯೂ (ಎರಡು ದ್ರವ ಕಲಸಿ ಮಾಡುವ ಗಟ್ಟಿ ಅಂಟು) ಇಲ್ಲ, ಹೊಸ ಸಿಲಿಕಾನ್ ಕೂಡ ಇಲ್ಲ. ಸಿಲಿಕಾನ್ ಕೆಟ್ಟ ವಸ್ತು ಅಂತ ನಾನು ಹೇಳುತ್ತಿಲ್ಲ. ಸರಿಯಾದ ಜಾತಿಯದ್ದು, ಸರಿಯಾದ ಜಾಗದಲ್ಲಿ, ಎರಡು ಮೈಗಳ ನಡುವೆ ಇದ್ದರೆ ಬಹಳ ವರ್ಷ ಬಾಳುತ್ತದೆ. ಮೇಲೆ ಸವರಿದರೆ ಇಲ್ಲ.

ಎಂ-ಸೀಲ್ ತರಹದ ಗಟ್ಟಿಯಾಗುವ ಪುಟ್ಟಿಯೂ ಕಿಟಕಿಗೆ ಬೇಡ. ದೋಣಿ ಅಲುಗುತ್ತದೆ, ಕಿಟಕಿ ಹಿಗ್ಗುತ್ತದೆ, ಗಟ್ಟಿ ಪುಟ್ಟಿ ಸೀಳುತ್ತದೆ.

ಕಿಟಕಿ ಬಿಚ್ಚುವಾಗ ಒಡೆಯುವ ಭಯ. ಹೇಗೆ ಬಿಚ್ಚಲಿ?

ಅವಸರ ಬೇಡ. ಬೋಲ್ಟ್ ಎಲ್ಲ ತೆಗೆದ ಮೇಲೂ ಕಿಟಕಿ ಅಲುಗುವುದಿಲ್ಲ, ಹಳೆ ಸೀಲಂಟ್ ಹಿಡಿದಿರುತ್ತದೆ. ಒಂದು ಮೂಲೆಯಲ್ಲಿ ತೆಳ್ಳನೆಯ ಪುಟ್ಟಿ ಬ್ಲೇಡ್ ತೂರಿಸಿ, ಅಲ್ಲಿಂದ ಮೀನು ಹಿಡಿಯುವ ನೈಲಾನ್ ದಾರ ಅಥವಾ ಗಿಟಾರ್ ತಂತಿ ಹಾಕಿ, ಗರಗಸದಂತೆ ಎಳೆಯುತ್ತಾ ಹೋಗಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಮೀಟಿದರೆ ಅಕ್ರಿಲಿಕ್ (ಕಿಟಕಿಗೆ ಹಾಕುವ ಗಾಜಿನಂಥ ಪ್ಲಾಸ್ಟಿಕ್ ಹಾಳೆ) ಒಡೆಯುತ್ತದೆ, ಇಲ್ಲವೇ ದೋಣಿಯ ಹೊಳಪಿನ ಪದರ ಚಕ್ಕೆ ಏಳುತ್ತದೆ.

ಸ್ಕ್ರೂ ಬಿಗಿಯಾಗಿ ಕೂತಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಪ್ರತಿ ಕಿಟಕಿಯ ಹಿಂದೆ ಪೆನ್ಸಿಲಿನಲ್ಲಿ ಎಡ, ಬಲ, ಮುಂದೆ, ಹಿಂದೆ ಅಂತ ಬರೆದಿಡಿ. ಒಂದೇ ತರಹ ಕಾಣುವ ಎರಡು ಕಿಟಕಿಗಳು ಹಳೆ ದೋಣಿಯಲ್ಲಿ ಒಂದೇ ಅಳತೆ ಇರುವುದು ಅಪರೂಪ. ಒಡೆದರೂ ತುಂಡುಗಳನ್ನು ಬಿಸಾಕಬೇಡಿ. ಹೊಸದನ್ನು ಕತ್ತರಿಸಲು ಅದೇ ಅಚ್ಚು.

ಹಳೆ ಸಿಲಿಕಾನ್ ಪೂರ್ತಿ ಹೋಗಿದೆ ಅಂತ ತಿಳಿಯುವುದು ಹೇಗೆ?

ಮೊದಲು ಬ್ಲೇಡಿನಲ್ಲಿ ಕೆರೆಯಿರಿ, ಆಮೇಲೆ ಸಿಲಿಕಾನ್ ತೆಗೆಯುವ ದ್ರಾವಣದಲ್ಲಿ ಒರೆಸಿ. ಮರಳು ಕಾಗದ ಕೊನೆಗೆ. ಮೊದಲೇ ಉಜ್ಜಿದರೆ ಸಿಲಿಕಾನ್ ಗೀರುಗಳ ಒಳಗೆ ಇಳಿಯುತ್ತದೆ. ಆದ ಮೇಲೆ ನೀರು ಚಿಮುಕಿಸಿ ನೋಡಿ. ನೀರು ಹಾಳೆಯಂತೆ ಹರಡಿದರೆ ಸ್ವಚ್ಛ. ಕೆಸುವಿನ ಎಲೆ ಮೇಲಿನಂತೆ ಮುತ್ತುಮುತ್ತಾಗಿ ನಿಂತರೆ ಇನ್ನೂ ಉಳಿದಿದೆ.

ಕಿಟಕಿ ತೂತಿನ ಅಂಚಿನಲ್ಲಿ ಮರ ಮೆತ್ತಗಾಗಿದೆ. ಏನು ಮಾಡಲಿ?

ಮೆತ್ತಗಾದ ಮರದ ಮೇಲೆ ಕಿಟಕಿ ಕೂರಿಸಬೇಡಿ. ಮೊದಲು ಎಷ್ಟು ದೂರ ಹೋಗಿದೆ ನೋಡಿ. ಒಂದು ನಾಣ್ಯದಿಂದ ಡೆಕ್ ಮೇಲೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಕ್ ಟಕ್ ಅನ್ನುತ್ತದೆ. ಕೊಳೆತ ಜಾಗ ಒಡೆದ ಗಡಿಗೆಯಂತೆ ಮಂಕಾಗಿ ಕೇಳುತ್ತದೆ. ಸಂತೆಯಲ್ಲಿ ಗಡಿಗೆ ಬಾರಿಸಿ ಕೊಳ್ಳುವ ನಮ್ಮ ಹೆಣ್ಣುಮಕ್ಕಳಿಗೆ ಈ ಕಿವಿ ಮೊದಲೇ ಇದೆ. ನಮ್ಮ ದೋಣಿಯ ಕೊಳೆತ ಜಾಗವನ್ನು ಸರಿಯಾಗಿ ಗುರುತಿಸಿದ್ದು ನಮ್ಮ ದೊಡ್ಡವ್ವ.

ಬರೀ ಅಂಚು ಹಾಳಾಗಿದ್ದರೆ ಕೆಲಸ ಸುಲಭ. ಎರಡು ಫೈಬರ್ ಹಾಳೆಗಳ ನಡುವಿನ ಮೆತ್ತನೆ ಮರವನ್ನು ಬಗ್ಗಿಸಿದ ಮೊಳೆಯಿಂದ ಒಂದು ಇಂಚು ಆಳದವರೆಗೆ ಕೆರೆದು ತೆಗೆಯಿರಿ. ಪೂರ್ತಿ ಒಣಗಲಿ. ಆಮೇಲೆ ತೆಳು ಎಪಾಕ್ಸಿ ಸವರಿ, ಅದರ ಮೇಲೆ ಎಪಾಕ್ಸಿಗೆಂದೇ ಸಿಗುವ ಪುಡಿ ಕಲಸಿ ಮಂದ ಮಾಡಿದ ಎಪಾಕ್ಸಿ ತುಂಬಿ. ಬೋಲ್ಟ್ ತೂತುಗಳಿಗೂ ಇದೇ ವೈದ್ಯ. ತೂತನ್ನು ದೊಡ್ಡದು ಮಾಡಿ, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಸರಿ ಅಳತೆಗೆ ಮತ್ತೆ ಕೊರೆಯಿರಿ. ಆಗ ಮುಂದೆ ಎಂದಾದರೂ ಸೀಲಂಟ್ ಸೋತರೂ ನೀರು ಮರಕ್ಕೆ ಮುಟ್ಟುವುದಿಲ್ಲ. ಇಡೀ ದೋಣಿಯಲ್ಲಿ ನಾವು ಮಾಡಿದ ಅತಿ ಒಳ್ಳೆಯ ಕೆಲಸ ಇದು ಅಂತ ನನ್ನ ನಂಬಿಕೆ.

ಕಾರಿಗೆ ಹಚ್ಚುವ ಪುಟ್ಟಿ ಇಲ್ಲಿ ಬೇಡ. ಅದು ನೀರು ಹೀರುತ್ತದೆ. ಫೈಬರ್ ಉಜ್ಜುವಾಗ ಮುಖಕ್ಕೆ ಒಳ್ಳೆಯ ಮಾಸ್ಕ್, ಕೈಗೆ ಗ್ಲೌಸ್ ಕಡ್ಡಾಯ. ಆ ಧೂಳು ಎದೆಗೆ ಒಳ್ಳೆಯದಲ್ಲ.

ಅಕ್ರಿಲಿಕ್ಕೋ, ಪಾಲಿಕಾರ್ಬನೇಟೋ, ಗಾಜೋ?

ಫ್ರೇಮ್ ಇಲ್ಲದೆ ಹೊರಗಿನಿಂದ ಬೋಲ್ಟ್ ಹಾಕುವ ಕಿಟಕಿಗೆ ಅಕ್ರಿಲಿಕ್. ನಮ್ಮದು 6 ಮಿ.ಮೀ. ದಪ್ಪ. ಪಾಲಿಕಾರ್ಬನೇಟ್ ಅನ್ನುವ ಪ್ಲಾಸ್ಟಿಕ್ ಪೆಟ್ಟು ತಡೆಯುವುದರಲ್ಲಿ ಬಹಳ ಗಟ್ಟಿ, ಆದರೆ ಬೇಗ ಗೀರು ಬೀಳುತ್ತದೆ, ಬಿಸಿಲಿಗೆ ಹಳದಿಯಾಗುತ್ತದೆ. ಮನೆ ಕಿಟಕಿಯ ಮಾಮೂಲಿ ಗಾಜು ಬೇಡವೇ ಬೇಡ. ಅಲೆಯ ಪೆಟ್ಟಿಗೆ ಒಡೆದರೆ ಚೂರು ಒಳಗಿದ್ದವರ ಮೇಲೆ ಬೀಳುತ್ತದೆ.

ಅಕ್ರಿಲಿಕ್‌ನಲ್ಲಿ ಎರಡು ಜಾತಿ ಇದೆ, ಕಾಸ್ಟ್ (ಅಚ್ಚಿಗೆ ಸುರಿದು ಮಾಡಿದ್ದು) ಮತ್ತು ಎಕ್ಸ್‌ಟ್ರೂಡೆಡ್ (ಮೆಷಿನ್ನಿನಲ್ಲಿ ಒತ್ತಿ ತೆಗೆದದ್ದು). ಕಾಸ್ಟ್ ಕೇಳಿ. ಕೊರೆಯುವಾಗ ಬಿರುಕು ಕಡಿಮೆ. ಇದಕ್ಕಾಗಿ ಹೈದರಾಬಾದಿಗೆ ಹೋಗಬೇಕಾಗಿಲ್ಲ. ಅಂಗಡಿ ಬೋರ್ಡು, ಅಕ್ಷರ ಕತ್ತರಿಸುವವರ ಹತ್ತಿರ ಅಕ್ರಿಲಿಕ್ ಹಾಳೆಯೂ ಇರುತ್ತದೆ, ಕತ್ತರಿಸುವ ಮೆಷಿನ್ನೂ ಇರುತ್ತದೆ. ಹಳೆ ಕಿಟಕಿ ಕೊಟ್ಟು ಅದರ ಅಳತೆಗೆ ಕತ್ತರಿಸಿ ಅನ್ನಿ.

ಹೊಸ ಹಾಳೆಯ ಮೇಲಿನ ಕಾಗದವನ್ನು ಕೆಲಸ ಮುಗಿಯುವವರೆಗೆ ಕೀಳಬೇಡಿ. ಆದರೆ ಕಾಗದ ಇರುವಾಗ ಬಿಸಿಲಿಗೆ ಇಡಬೇಡಿ. ನಮ್ಮ ಮೇ ಬಿಸಿಲಿನಲ್ಲಿ ಅದರ ಅಂಟು ಬೆಂದು ಗಟ್ಟಿಯಾಗುತ್ತದೆ, ಆಮೇಲೆ ಉಗುರಿನಲ್ಲಿ ಕೀಳುತ್ತಾ ಕೂರಬೇಕು.

ಹೊಸ ಅಕ್ರಿಲಿಕ್ ಹಾಕಿದೆ. ಒಂದೇ ವರ್ಷಕ್ಕೆ ಸ್ಕ್ರೂ ಹತ್ತಿರ ಸೀಳಿದೆ. ಯಾಕೆ?

ಬಹುಶಃ ತೂತು ಚಿಕ್ಕದಾಗಿದೆ. ಅಕ್ರಿಲಿಕ್ ಬಿಸಿಗೆ ತುಂಬ ಹಿಗ್ಗುತ್ತದೆ. 60 ಸೆಂ.ಮೀ. ಉದ್ದದ ತುಂಡಿಗೆ 50 ಡಿಗ್ರಿ ಬಿಸಿ ಏರಿದರೆ ಅದು ಸುಮಾರು 2 ಮಿ.ಮೀ. ಬೆಳೆಯುತ್ತದೆ. ಅಷ್ಟೇ ಉದ್ದದ ಅಲ್ಯೂಮಿನಿಯಂ 1 ಮಿ.ಮೀ. ಕೂಡ ಬೆಳೆಯುವುದಿಲ್ಲ. ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ನಡುವೆ ಕಪ್ಪು ಬಣ್ಣದ ಕಿಟಕಿಯ ಮೈ ಅಷ್ಟು ಬಿಸಿ ಏರುವುದು ನಮ್ಮಲ್ಲಿ ದೊಡ್ಡದಲ್ಲ. ತೂತು ಸ್ಕ್ರೂಗೆ ಬಿಗಿಯಾಗಿದ್ದರೆ ಹಿಗ್ಗಲು ಜಾಗ ಇಲ್ಲ, ಸೀಳುತ್ತದೆ.

5 ಮಿ.ಮೀ. ಬೋಲ್ಟಿಗೆ 7 ಅಥವಾ 8 ಮಿ.ಮೀ. ತೂತು ಇರಲಿ. ತಲೆ ಒಳಗೆ ಇಳಿಯುವ ಸ್ಕ್ರೂ ಹಾಕಬೇಡಿ, ಅದು ಬೆಣೆಯಂತೆ ಅಕ್ರಿಲಿಕ್ಕನ್ನು ಸೀಳುತ್ತದೆ. ಚಪ್ಪಟೆ ತಳದ ತಲೆ, ಅದರ ಕೆಳಗೆ ಅಗಲ ವಾಷರ್ ಇರಲಿ. ಕೊರೆಯುವಾಗ ಕೆಳಗೆ ಮರದ ಹಲಗೆ ಇಟ್ಟು, ನಿಧಾನ ವೇಗದಲ್ಲಿ, ಕೊನೆಯಲ್ಲಿ ಒತ್ತದೆ ಕೊರೆಯಿರಿ. ಡ್ರಿಲ್ ಹೊರಬರುವ ಕ್ಷಣದಲ್ಲೇ ಬಿರುಕು ಬಿಡುವುದು.

ಯಾವ ಸೀಲಂಟ್ ಹಾಕಲಿ?

ಬ್ಯೂಟೈಲ್ ಟೇಪ್, ನ್ಯೂಟ್ರಲ್ ಸಿಲಿಕಾನ್, ಪಾಲಿಯುರೆಥೇನ್, ಪಾಲಿಸಲ್ಫೈಡ್. ಈ ನಾಲ್ಕು ಹೆಸರು ನೀವು ಕೇಳುತ್ತೀರಿ.

ಪಾಲಿಸಲ್ಫೈಡ್ ಅಕ್ರಿಲಿಕ್, ಪಾಲಿಕಾರ್ಬನೇಟ್ ಎರಡನ್ನೂ ಹಾಳು ಮಾಡುತ್ತದೆ. ಕಿಟಕಿಗೆ ಬೇಡ. ಪಾಲಿಯುರೆಥೇನ್ ಅಂಟುವುದು ಜೋರು, ಆದರೆ ಅಕ್ರಿಲಿಕ್‌ಗೆ ಹಾಕಲು ಅದರದೇ ಪ್ರೈಮರ್ ಬೇಕು, ಬಿಸಿಲು ಬೀಳದಂತೆ ಅಂಚು ಮುಚ್ಚಬೇಕು. ಜನ್ಮಕ್ಕೂ ಬಿಡದಂತೆ ಅಂಟುವ ಜಾತಿಯದನ್ನು ಹಾಕಿದರೆ ಮುಂದಿನ ಸಲ ಕಿಟಕಿ ಒಡೆದೇ ತೆಗೆಯಬೇಕು.

ಬೋಲ್ಟ್ ಹಾಕಿದ ಅಕ್ರಿಲಿಕ್ ಕಿಟಕಿಗಳಿಗೆ ನಾವು ಹಾಕಿದ್ದು ನ್ಯೂಟ್ರಲ್ ಕ್ಯೂರ್ ಸಿಲಿಕಾನ್, ಅಂದರೆ ಗಟ್ಟಿಯಾಗುವಾಗ ಹುಳಿ ಬಿಡದ ಸಿಲಿಕಾನ್. ದೊಡ್ಡ ಗಾಜಿನ ಕಟ್ಟಡಗಳ ಮುಂಭಾಗಕ್ಕೆ ಗಾಜು ಹಿಡಿಸಲು ಬಳಸುವ ಜಾತಿ. ಬಿಸಿಲು ತಡೆಯುತ್ತದೆ, ಹಿಗ್ಗಿ ಕುಗ್ಗುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಮೊದಲು ಕೈಗೆ ಸಿಗುವ ಅಗ್ಗದ ಸಿಲಿಕಾನ್ ಹಚ್ಚಿದಾಗ ವಿನೆಗರ್ ವಾಸನೆ ಬರುತ್ತದೆ. ಆ ಹುಳಿ ಲೋಹವನ್ನು ತಿನ್ನುತ್ತದೆ. ವಾಸನೆ ಬಂದರೆ ಅದು ಬೇಡ.

ಅಲ್ಯೂಮಿನಿಯಂ ಫ್ರೇಮ್ ಇರುವ ಮುಂದಿನ ಚಿಕ್ಕ ಕಿಟಕಿಗಳಿಗೆ, ಹಿಡಿಕೆ ಕಂಬಿಗೆ, ಡೆಕ್ ಮೇಲಿನ ಎಲ್ಲ ಬೋಲ್ಟ್‌ಗಳಿಗೆ ಬ್ಯೂಟೈಲ್ ಟೇಪ್. ಇದು ಒಣಗಿ ಗಟ್ಟಿಯಾಗುವುದೇ ಇಲ್ಲ. ಬೆಲ್ಲದ ಪಾಕದಂತೆ ಜಿಗುಟಾಗಿ ಉಳಿಯುತ್ತದೆ. ತಪ್ಪಾದರೆ ಬಿಚ್ಚಿ ಮತ್ತೆ ಹಾಕಬಹುದು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಗೆಳೆಯ ಇಲ್ಲ.

ಕೂರಿಸುವ ಕ್ರಮ ಹೇಳಿ.

ಮೊದಲು ಸೀಲಂಟ್ ಇಲ್ಲದೆ ಒಮ್ಮೆ ಕೂರಿಸಿ ನೋಡಿ. ಎಲ್ಲ ಬೋಲ್ಟ್ ಸಲೀಸಾಗಿ ಹೋಗಬೇಕು. ಕಿಟಕಿಯ ಸುತ್ತ, ದೋಣಿಯ ಮೈ ಮೇಲೆ ಮತ್ತು ಅಕ್ರಿಲಿಕ್ ಮೇಲೆ ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ. ಅಂಟುವ ಜಾಗದಲ್ಲಿ ಮಾತ್ರ ಅಕ್ರಿಲಿಕ್ ಕಾಗದ ಕಿತ್ತು, ನಯವಾದ ಮರಳು ಕಾಗದದಿಂದ ಸ್ವಲ್ಪ ಒರಟು ಮಾಡಿ.

ಸೀಲಂಟಿಗೆ ದಪ್ಪ ಬೇಕು. ಅದಕ್ಕೆ ಒಳ ಅಂಚಿನಲ್ಲಿ 2 ರಿಂದ 3 ಮಿ.ಮೀ. ದಪ್ಪದ ಫೋಮ್ ಟೇಪ್ ತುಂಡುಗಳನ್ನು ಅಂಟಿಸಿ. ಅವು ಇಲ್ಲದಿದ್ದರೆ ಬೋಲ್ಟ್ ಬಿಗಿದಾಗ ಸೀಲಂಟ್ ಎಲ್ಲ ಹೊರಗೆ ಹಿಂಡಿ ಹೋಗುತ್ತದೆ, ಉಳಿಯುವುದು ಕಾಗದದಷ್ಟು ತೆಳು ಪದರ. ಅದು ಹಿಗ್ಗಲಾರದು. ಜನ ಮಾಡುವ ದೊಡ್ಡ ತಪ್ಪು ಇದೇ. ಜೋರಾಗಿ ಬಿಗಿದರೆ ಸೋರಲ್ಲ ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ.

ಸೀಲಂಟನ್ನು ಎಲ್ಲೂ ಕಡಿಯದೆ ಒಂದೇ ಗೆರೆಯಾಗಿ ಹಾಕಿ, ಪ್ರತಿ ಬೋಲ್ಟ್ ತೂತಿನ ಸುತ್ತ ಒಂದು ಉಂಗುರವೂ ಇರಲಿ. ಇಬ್ಬರು ಹಿಡಿದು ನೇರವಾಗಿ ಕೂರಿಸಿ. ಬೋಲ್ಟ್‌ಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪ ಬಿಗಿಯಿರಿ, ಕಾರಿನ ಚಕ್ರಕ್ಕೆ ನಟ್ ಬಿಗಿಯುವ ಹಾಗೆ. ಸುತ್ತಲೂ ಸೀಲಂಟ್ ಇಣುಕಿದರೆ ನಿಲ್ಲಿಸಿ. ಬೆರಳಿಗೆ ಸೋಪಿನ ನೀರು ಹಚ್ಚಿ ಅಂಚು ನುಣುಪು ಮಾಡಿ, ಹಸಿ ಇರುವಾಗಲೇ ಟೇಪ್ ಕಿತ್ತುಬಿಡಿ. ಒಂದು ವಾರ ಮುಟ್ಟಬೇಡಿ.

ಬ್ಯೂಟೈಲ್ ಟೇಪಿನದು ಬೇರೆ ನಡೆ. ಇವತ್ತು ಸ್ವಲ್ಪ ಬಿಗಿ, ನಾಳೆ ಸ್ವಲ್ಪ, ನಾಡಿದ್ದು ಸ್ವಲ್ಪ. ಅದು ನಿಧಾನವಾಗಿ ಹರಿದು ಜಾಗ ತುಂಬುತ್ತದೆ.

ನಮ್ಮ ಬಿಸಿಲಿನಲ್ಲಿ ಈ ಕೆಲಸ ಯಾವಾಗ ಮಾಡಬೇಕು?

ಒಣಗಿಸುವುದು ಏಪ್ರಿಲ್, ಮೇ. ಸೀಲಂಟ್ ಹಾಕುವುದು ಒಂದೆರಡು ಮಳೆ ಬಿದ್ದ ಮೇಲೆ, ಶೆಡ್ ಒಳಗೆ, ಬೆಳಿಗ್ಗೆ.

ಟ್ಯೂಬಿನಲ್ಲಿ ಬರುವ ಸಿಲಿಕಾನ್ ಮತ್ತು ಪಾಲಿಯುರೆಥೇನ್ ಒಣಗಿ ಗಟ್ಟಿಯಾಗುವುದಿಲ್ಲ. ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುತ್ತವೆ. ಹಾಗಾಗಿ ಮೇ ತಿಂಗಳ ಒಣ ಹವೆಯಲ್ಲಿ ಒಳಗಿನದು ಬಹಳ ದಿನ ಹಸಿಯಾಗಿಯೇ ಉಳಿಯುತ್ತದೆ. ಇದು ತಿಳಿಯದೆ ನಾವು ಮೊದಲ ಬೇಸಿಗೆಯಲ್ಲಿ ತಲೆ ಕೆಡಿಸಿಕೊಂಡಿದ್ದೆವು. ಜುಲೈನಲ್ಲಿ ಅದೇ ಕೆಲಸ ಸಲೀಸಾಯಿತು.

ಎಪಾಕ್ಸಿಯದು ಬೇರೆ ಕಥೆ. ಅದಕ್ಕೆ ಬಿಸಿಯೇ ಶತ್ರು. ಪ್ರತಿ 10 ಡಿಗ್ರಿ ಬಿಸಿ ಏರಿದಂತೆ ಕೈಗೆ ಸಿಗುವ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 25 ಡಿಗ್ರಿಯಲ್ಲಿ ಅರ್ಧ ಗಂಟೆ ಸಿಗುವ ಎಪಾಕ್ಸಿ 45 ಡಿಗ್ರಿಯಲ್ಲಿ ಏಳೆಂಟು ನಿಮಿಷಕ್ಕೆ ಗಟ್ಟಿ. ಡಬ್ಬಿ ತುಂಬ ಕಲಸಿಟ್ಟರೆ ಅದು ತಾನೇ ಕಾದು ಹೊಗೆಯಾಡುತ್ತದೆ. ಸ್ವಲ್ಪ ಸ್ವಲ್ಪ ಕಲಸಿ, ಅಗಲ ತಟ್ಟೆಗೆ ಸುರಿಯಿರಿ. ನಿಧಾನಕ್ಕೆ ಗಟ್ಟಿ ಮಾಡುವ ಹಾರ್ಡ್ನರ್ (ಎಪಾಕ್ಸಿಗೆ ಕಲಸುವ ಎರಡನೇ ದ್ರವ) ಕೇಳಿ ತನ್ನಿ.

ಸೆಪ್ಟೆಂಬರಿನಲ್ಲಿ ನಮ್ಮಲ್ಲಿ ಮಳೆ ಜೋರು. ದೋಣಿಯನ್ನು ಹೊರಗೆ ನಿಲ್ಲಿಸಿ ನೋಡಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಸರಿಯಾಗಿದ್ದರೆ ದಸರಾ ಆದ ಮೇಲೆ ಲಾರಿ ಹತ್ತಿಸಬಹುದು.

ಅಲ್ಯೂಮಿನಿಯಂ ಫ್ರೇಮಿನ ಕಿಟಕಿ ಸೋರುತ್ತಿದೆ. ಅದನ್ನೂ ಬಿಚ್ಚಬೇಕಾ?

ಮೊದಲು ಫ್ರೇಮಿನ ಕೆಳ ಅಂಚು ನೋಡಿ. ಅಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ನಮ್ಮ ಶೆಡ್ಡಿನಲ್ಲಿ ಕುಂಬಾರ ಹುಳು ಅವುಗಳಲ್ಲಿ ಮಣ್ಣಿನ ಗೂಡು ಕಟ್ಟಿತ್ತು. ತಂತಿ ಹಾಕಿ ತೆಗೆದೆವು, ಸೋರಿಕೆ ಅಲ್ಲಿಗೆ ನಿಂತಿತು. ಕೂವೆಮರದ (ಹಾಯಿ ಕಟ್ಟುವ ಕಂಬ) ತೂತು, ಗಾಳಿ ಕಿಂಡಿ, ಗ್ಯಾಸ್ ಪೈಪಿನ ಬಾಯಿ, ಎಲ್ಲ ಕಡೆ ಈ ಹುಳು ನುಗ್ಗುತ್ತದೆ.

ರಬ್ಬರ್ ಗಟ್ಟಿಯಾಗಿ ಕುಗ್ಗಿದ್ದರೆ ಬದಲಿಸಿ. ಹಳೆ ರಬ್ಬರಿನ ಒಂದು ತುಂಡು ಕತ್ತರಿಸಿಕೊಂಡು ಬಸ್, ಲಾರಿಗಳ ಗಾಜು ಕೂರಿಸುವವರ ಹತ್ತಿರ ಹೋಗಿ. ನೂರು ತರಹದ ಬೀಡಿಂಗ್ ಇರುತ್ತದೆ. ನಮ್ಮ ತುಂಡನ್ನು ಕೈಯಲ್ಲಿ ಹಿಡಿದು ನೋಡಿದ ಆ ಮಿಸ್ತ್ರಿ, "ಇದು ದೋಣೀದಂತ ಹೇಳ್ಬ್ಯಾಡ್ರಿ, ಹಳೇ ಮೆಟಾಡೋರಿಗೂ ಇದೇ ಬರ್ತದ್ರಿ" ಅಂದರು. ರಬ್ಬರಿನ ಸಂದಿಗೆ ದಾರ ತೂರಿಸಿ, ಸೋಪಿನ ನೀರು ಹಚ್ಚಿ, ದಾರ ಎಳೆಯುತ್ತಾ ಗಾಜು ಕೂರಿಸುವ ಅವರ ಕೈಚಳಕ ನೋಡಿಯೇ ಕಲಿಯಬೇಕು.

ಸ್ಟೀಲ್ ಸ್ಕ್ರೂ ಅಲ್ಯೂಮಿನಿಯಂ ಒಳಗೆ ಇದ್ದರೆ ಉಪ್ಪು ನೀರಿನಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಮತ್ತೆ ಹಾಕುವಾಗ ಸ್ಕ್ರೂಗೆ ಲ್ಯಾನೋಲಿನ್ (ಕುರಿ ಉಣ್ಣೆಯ ಮೇಣ) ಗ್ರೀಸ್ ಹಚ್ಚಿ.

ಕಿಟಕಿ ಮಂಕಾಗಿದೆ. ಯಾವುದರಲ್ಲಿ ಒರೆಸಲಿ?

ಥಿನ್ನರ್, ಪೆಟ್ರೋಲ್, ಅಸಿಟೋನ್, ಅಮೋನಿಯಾ ಇರುವ ಗಾಜಿನ ಕ್ಲೀನರ್ ಯಾವುದೂ ಬೇಡ. ಅಕ್ರಿಲಿಕ್ ಒಳಗೆ ಕೂದಲೆಳೆ ಬಿರುಕು ಬರುತ್ತದೆ, ಅದು ಹೋಗುವುದಿಲ್ಲ. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಸೋಪಿನ ನೀರು, ಮೆತ್ತನೆ ಬಟ್ಟೆ. ನಮ್ಮ ಕಡೆ ಧೂಳು ಎಲ್ಲದರ ಮೇಲೂ ಕೂರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಮರಳು ಕಾಗದದಲ್ಲಿ ಉಜ್ಜಿದಂತೆ. ನಮ್ಮ ಬೋರ್‌ವೆಲ್ ನೀರು ಗಡಸು. ಒಣಗಿದರೆ ಬಿಳಿ ಕಲೆ. ಕೊನೆಯ ಕೈ ಮಳೆ ನೀರಿನಲ್ಲಿ ತೊಳೆಯಿರಿ.

ಕೂವೆಮರವನ್ನು ಹಿಡಿದು ನಿಲ್ಲಿಸುವ ತಂತಿಗಳನ್ನು ಎಷ್ಟು ವರ್ಷಕ್ಕೆ ಬದಲಿಸಬೇಕು?

ಹತ್ತರಿಂದ ಹದಿನೈದು ವರ್ಷ. ಹಳೆ ದೋಣಿ ಕೊಂಡಿದ್ದು, ತಂತಿ ಯಾವಾಗಿನದು ಅಂತ ಮಾರಿದವರಿಗೂ ಗೊತ್ತಿಲ್ಲದಿದ್ದರೆ ಬದಲಿಸಿಯೇಬಿಡಿ. ತಂತಿ ಮುರಿದರೆ ಕೂವೆಮರ ತಲೆ ಮೇಲೆ ಬೀಳುತ್ತದೆ. ಇದರಲ್ಲಿ ಉಳಿತಾಯ ಬೇಡ.

ವರ್ಷಕ್ಕೊಮ್ಮೆ ನೋಡುವುದು ಹೀಗೆ. ಒಂದು ಹಿಡಿ ಹತ್ತಿ ತಗೊಂಡು ತಂತಿಯ ಉದ್ದಕ್ಕೂ ಎಳೆಯಿರಿ. ಎಳೆ ಮುರಿದ ಕಡೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಒಂದು ಎಳೆ ಮುರಿದಿದ್ದರೂ ಆ ತಂತಿ ಮುಗಿದಂತೆ. ತುದಿಯ ಲೋಹದ ಕೊಳವೆಯಲ್ಲಿ ಬಿರುಕು ಇದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ. ತಂತಿ ಕಟ್ಟುವ ಸ್ಟೀಲ್ ಪಟ್ಟಿ ಡೆಕ್ಕಿನ ಒಳಗೆ ಹಾದುಹೋಗುವ ಜಾಗ ಅತಿ ಅಪಾಯದ್ದು. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ತಡೆಯಲು ಗಾಳಿ ಬೇಕು. ಗಾಳಿ ಇಲ್ಲದ ತೇವದಲ್ಲಿ ಅದು ಒಳಗೊಳಗೇ ಸೀಳುತ್ತದೆ, ಹೊರಗೆ ಹೊಳೆಯುತ್ತಲೇ ಇರುತ್ತದೆ. ಬಿಚ್ಚಿ ನೋಡದೆ ತಿಳಿಯುವುದಿಲ್ಲ.

ಶೆಡ್ಡಿನಲ್ಲೇ ಕೂವೆಮರ ಎತ್ತಿ ನೋಡಬಹುದಾ?

ಎತ್ತುವ ಮುಂಚೆ ತಲೆ ಎತ್ತಿ ನೋಡಿ. ಕೂವೆಮರ ಅಲ್ಯೂಮಿನಿಯಂ. ಕರೆಂಟ್ ತಂತಿಗೆ ತಗುಲಿದರೆ ಹಿಡಿದವರು ಉಳಿಯುವುದಿಲ್ಲ. ನಮ್ಮ ಬೀದಿಗಳಲ್ಲಿ ತಂತಿ ಎಷ್ಟು ಕೆಳಗೆ ಜೋತುಬಿದ್ದಿರುತ್ತದೆ ಅಂತ ನಿಮಗೆ ಗೊತ್ತು. ನಾವು ಊರೊಳಗೆ ಎತ್ತುವುದೇ ಇಲ್ಲ.

ದೋಣಿಯ ತಳದಲ್ಲಿ ನೀರಿನ ಪೈಪಿಗೆ ಇರುವ ವಾಲ್ವ್ ಹಾಳಾಗಿದೆ. ಹಾರ್ಡ್‌ವೇರ್ ಅಂಗಡಿಯ ಹಿತ್ತಾಳೆ ವಾಲ್ವ್ ನಡೆಯುತ್ತದಾ?

ಉಪ್ಪು ನೀರಿನಲ್ಲಿ ನಡೆಯುವುದಿಲ್ಲ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಸಮುದ್ರದ ನೀರು ಸತುವನ್ನು ತಿಂದುಹಾಕುತ್ತದೆ, ಉಳಿಯುವುದು ಕೆಂಪಗಿನ ಪೊಳ್ಳು ತಾಮ್ರ. ಒಂದು ದಿನ ಕೈಯಲ್ಲೇ ಮುರಿದು ಬರುತ್ತದೆ, ನೀರು ಒಳಗೆ ನುಗ್ಗುತ್ತದೆ. ಕಂಚಿನದು ಅಥವಾ ದೋಣಿಗೆಂದೇ ಮಾಡಿದ ಗಟ್ಟಿ ಪ್ಲಾಸ್ಟಿಕ್‌ನದು ಹಾಕಿ. ಪೈಪಿಗೆ ಎರಡು ಕ್ಲಿಪ್ ಇರಲಿ. ವಾಲ್ವ್ ಮುರಿದರೆ ತೂತಿಗೆ ಬಡಿಯಲು ಪ್ರತಿ ವಾಲ್ವ್ ಪಕ್ಕದಲ್ಲಿ ಮೆತ್ತನೆ ಮರದ ಒಂದು ಬಿರಡೆಯನ್ನು ದಾರದಲ್ಲಿ ಕಟ್ಟಿಡಿ. ನಮ್ಮದನ್ನು ಊರಿನ ಬಡಗಿಯೇ ಕಡೆದು ಕೊಟ್ಟರು.

ಹಾಯಿ ಹರಿದಿದೆ. ಇಲ್ಲಿ ಯಾರು ಹೊಲಿಯುತ್ತಾರೆ?

ಬಟ್ಟೆಗಿಂತ ಮೊದಲು ದಾರ ಸಾಯುತ್ತದೆ, ಬಿಸಿಲಿಗೆ. ಉಗುರಿನಿಂದ ಹೊಲಿಗೆಯನ್ನು ಗೀರಿ ನೋಡಿ. ಪುಡಿಯಾಗಿ ಕಿತ್ತು ಬಂದರೆ ಮತ್ತೆ ಹೊಲಿಸಬೇಕು. ಉದ್ದ ಹೊಲಿಗೆಗೆ ಗಂಜ್ ಮಾರುಕಟ್ಟೆ ಕಡೆ ತಾಡಪತ್ರಿ ಹೊಲಿಯುವವರ ದಪ್ಪ ಮೆಷಿನ್ ಸಾಕು. ದಾರ ಮಾತ್ರ ನೀವೇ ತನ್ನಿ. ಬಿಸಿಲು ತಡೆಯುವ ಪಾಲಿಯೆಸ್ಟರ್ ದಾರ ಬೇಕು, ಹತ್ತಿ ದಾರ ಬೇಡ. ಮೂಲೆಗಳನ್ನು ಕೈಯಲ್ಲೇ ಹೊಲಿಯಬೇಕು. ಜನ್ಮವಿಡೀ ಕೌದಿ ಹೊಲಿದ ನಮ್ಮ ದೊಡ್ಡವ್ವ ಒಂದು ಮೂಲೆ ಮುಗಿಸಿ, "ಕೌದಿಕಿಂತ ಇದೇ ಹಗೂರ ಅದ ನೋಡಪಾ" ಅಂದರು.

ಇಡುವಾಗ ಉಪ್ಪು ಹೋಗುವಂತೆ ತೊಳೆದು, ನೆರಳಲ್ಲಿ ಒಣಗಿಸಿ, ಸಡಿಲವಾಗಿ ಸುತ್ತಿ ಎತ್ತರಕ್ಕೆ ತೂಗುಹಾಕಿ. ನೆಲದ ಮೇಲೆ ಇಟ್ಟರೆ ಇಲಿ ಬಿಡುವುದಿಲ್ಲ.

ಎಂಜಿನ್‌ಗೆ ಏನು ಮಾಡಬೇಕು?

ಸಮುದ್ರದಿಂದ ತೆಗೆದ ದಿನವೇ ಸಿಹಿ ನೀರಿನಲ್ಲಿ ಓಡಿಸಿ ಉಪ್ಪು ತೊಳೆಯಿರಿ. ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಮಳೆಗಾಲ ಕಳೆಯಬೇಡಿ. ಈಗಿನ ಪೆಟ್ರೋಲಿನಲ್ಲಿ 20% ವರೆಗೆ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ನೀರು ಎಳೆಯುವ ಪಂಪಿನ ರಬ್ಬರ್ ಚಕ್ರವನ್ನು ಪ್ರತಿ ವರ್ಷ ನೋಡಿ. ಬಾಕಿ ಕೆಲಸಕ್ಕೆ ಒಳ್ಳೆಯ ಬೈಕ್ ಮೆಕ್ಯಾನಿಕ್ ಸಾಕು.

ದೋಣಿಯನ್ನು ಹೊಲದಲ್ಲಿ ನಿಲ್ಲಿಸಬಹುದಾ?

ಎರೆ ಭೂಮಿಯಲ್ಲಿ ಬೇಡ. ಕಪ್ಪು ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಕ್ಕಕ್ಕೆ ಕೊಟ್ಟ ಆಧಾರ ಒಂದು ಕಡೆ ಇಳಿದರೆ ದೋಣಿ ವಾಲುತ್ತದೆ. ಬೇರೆ ಜಾಗ ಇಲ್ಲದಿದ್ದರೆ ಮೊರಂ ಹಾಕಿ ಗಟ್ಟಿ ಮಾಡಿ, ಮೇಲೆ ದಪ್ಪ ಶಹಾಬಾದ್ ಕಲ್ಲು ಹಾಸಿ, ಅದರ ಮೇಲೆ ಮರದ ದಿಮ್ಮಿ ಇಡಿ. ತೂಕವೆಲ್ಲ ತಳದ ದಿಮ್ಮಿಗಳ ಮೇಲೆ ಇರಬೇಕು. ಪಕ್ಕದ ಆಧಾರಗಳು ವಾಲದಂತೆ ತಡೆಯಲು ಮಾತ್ರ. ತಾಡಪತ್ರಿಯ ಹಗ್ಗವನ್ನು ಆ ಆಧಾರಗಳಿಗೆ ಕಟ್ಟಬೇಡಿ. ಮೇ ತಿಂಗಳ ಬಿರುಗಾಳಿ ತಾಡಪತ್ರಿ ಎಳೆದರೆ ಆಧಾರವೂ ಕಿತ್ತು ಬರುತ್ತದೆ.

ಮನೆಯ ಹಳೆ ಕಿಟಕಿಗೂ ಇದೇ ಪಾಠವಾ?

ಬಹಳ ಮಟ್ಟಿಗೆ ಹೌದು. ಹಳೆ ಮನೆಗಳ ಕಿಟಕಿ ಮೇಲಿನ ಕಲ್ಲಿನ ಛಜ್ಜಾದ ಕೆಳಗೆ ಕೈ ಆಡಿಸಿ ನೋಡಿ. ಕೆಲವು ಕಡೆ ಅಂಚಿನ ಹತ್ತಿರ ಉದ್ದಕ್ಕೆ ಒಂದು ಗೀರು ಸಿಗುತ್ತದೆ. ನೀರು ಅಲ್ಲಿಗೆ ಬಂದು ಹನಿಯಾಗಿ ಬೀಳಲಿ, ಗೋಡೆಗೆ ಹರಿಯದಿರಲಿ ಅಂತ ಕಲ್ಲುಕುಟಿಗರು ಹಾಕಿದ್ದು. ದೋಣಿಯ ಕಿಟಕಿ ಮೇಲೆ ಒಂದು ಸಣ್ಣ ಪಟ್ಟಿ ಅಂಟಿಸಿದರೆ ಅದೂ ಇದೇ ಕೆಲಸ ಮಾಡುತ್ತದೆ. ನಾವು ಅಂಟಿಸಿದ್ದೇವೆ.

ಬಂದು ನೋಡಬಹುದಾ?

ಖಂಡಿತ ಬನ್ನಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಭಾನುವಾರ ಬೆಳಿಗ್ಗೆ ಕೆಲಸ ನಡೆಯುತ್ತಿರುತ್ತದೆ. ಹಳೆ ಬಟ್ಟೆ ಹಾಕಿಕೊಂಡು ಬನ್ನಿ, ಒಂದು ಟಾರ್ಚ್ ತನ್ನಿ. ಪೈಪ್ ಹಿಡಿಯಲು ಎಲ್ಲರೂ ಮುಂದೆ ಬರುತ್ತಾರೆ. ಒಳಗೆ ಕೂತು ಮೊದಲ ಹನಿ ಎಲ್ಲಿ ಬೀಳುತ್ತದೆ ಅಂತ ನೋಡುವವರೇ ನಮಗೆ ಯಾವಾಗಲೂ ಒಬ್ಬರು ಕಮ್ಮಿ.